ವಾರ್ಫ್‌ಡೇಲ್ ಡೈಮಂಡ್ 12.1: ಮೂರು ವರ್ಷ ಕೇಳಿದ ಮೇಲೆ

2022ರ ಜುಲೈನಲ್ಲಿ ಈ ಸ್ಪೀಕರ್ ಜೋಡಿ ಮೈಸೂರಿನ ನಮ್ಮ ಸರಸ್ವತಿಪುರಂ ಮನೆಗೆ ಬಂತು. ನನಗೆ ಬಿದ್ದದ್ದು 32,000 ರೂಪಾಯಿ. ಅಷ್ಟು ದುಡ್ಡು ಸ್ಪೀಕರಿಗೆ ಹಾಕಬೇಕಾ ಅಂತ ಆರು ತಿಂಗಳು ಯೋಚಿಸಿದ್ದೆ.

ಮೊದಲಿದ್ದವು 2003ರಲ್ಲಿ ಕೊಂಡ ಮ್ಯೂಸಿಕ್ ಸಿಸ್ಟಮ್‌ ಜೊತೆ ಬಂದವು. ಅದುರಿ ಸದ್ದು ಹೊರಡಿಸುವ ಕೋನಿನ ಅಂಚಿನಲ್ಲಿರುವ ಫೋಮ್ ಪುಡಿಯಾಗಿ ಉದುರುತ್ತಿತ್ತು. ಫೋಮ್ ಅಂಚಿನ ಸ್ಪೀಕರುಗಳಿಗೆ ಹದಿನೈದು ಇಪ್ಪತ್ತು ವರ್ಷಕ್ಕೆ ಹೀಗಾಗುವುದು ಮಾಮೂಲಿ. ಮೃದಂಗದ ಎಡಗಡೆಯ ನಾದ ಬಂದರೆ ಸಾಕು, ಬರಬರ ಅನ್ನುತ್ತಿತ್ತು.

ಹೊಸದು ಬಂದ ಸಂಜೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರ ಸಿ.ಡಿ. ಹಾಕಿದೆ. ಅಮ್ಮನಿಗೆ ಆಗ 73. ಚಿಕ್ಕಂದಿನಲ್ಲಿ ವೀಣೆ ಕಲಿತವರು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಮೀಟಿ ಆದ್ಮೇಲೂ ತಂತಿ ಮಾತಾಡ್ತಿದೆ ಕಣೋ. ಇಷ್ಟು ದಿನ ಬರೀ ಮೀಟಿದ್ದಷ್ಟೇ ಕೇಳ್ತಿತ್ತು" ಅಂದರು.

ಈ ಸ್ಪೀಕರ್ ಬಗ್ಗೆ ಇದಕ್ಕಿಂತ ಸರಿಯಾಗಿ ನಾನು ಹೇಳಲಾರೆ. ವೀಣೆಯಲ್ಲಿ ಒಂದು ಸಲ ಮೀಟಿ, ತಂತಿ ಎಳೆದು ಗಮಕ ತೆಗೆಯುತ್ತಾರೆ. ನಾದ ಸಣ್ಣದಾಗುತ್ತಾ ಹೋಗುವಾಗಲೇ ಅಲ್ಲಿ ಎಲ್ಲಾ ನಡೆಯುವುದು. ಹಳೆಯದರಲ್ಲಿ ಅದು ಮಸುಕಾಗಿ ಹೋಗುತ್ತಿತ್ತು. ಇದರಲ್ಲಿ ಕೊನೆವರೆಗೂ ಹಿಂಬಾಲಿಸಬಹುದು. ಕುವೆಂಪುನಗರದ ವೀಣೆ ಶೇಷಣ್ಣ ಭವನದಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಅದೇ ಅನುಭವ ಮನೆಯಲ್ಲಿ ಸಿಗುತ್ತದೆ ಅಂತ ಹೇಳುವುದಿಲ್ಲ. ಆದರೆ ಹತ್ತಿರ ಬಂದಿದೆ.

ಈಗ ದುಡ್ಡಿನ ವಿಷಯ. ಬೆಂಗಳೂರಿನ ಅಂಗಡಿಯೊಂದರಲ್ಲಿ, "ನಿಮ್ಮ ಹಳೆ ಆಂಪ್ಲಿಫೈಯರ್ 40 ವಾಟ್ ಅಷ್ಟೇ, ಅದನ್ನೂ ಬದಲಾಯಿಸಿ, ಇಲ್ಲದಿದ್ದರೆ ಸ್ಪೀಕರ್ ದಂಡ" ಅಂದರು. ಬದಲಾಯಿಸಲಿಲ್ಲ. ಇದರ ಸೆನ್ಸಿಟಿವಿಟಿ 88 ಡೆಸಿಬೆಲ್. ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಸದ್ದು. ಮನೆಯ ಹಾಲಿನಲ್ಲಿ ನಾವು ಕೇಳುವ ಮಟ್ಟಕ್ಕೆ ಹೆಚ್ಚಿನ ಹೊತ್ತು ಒಂದೆರಡು ವಾಟ್ ಸಾಕು. ವಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಅದು ಸ್ವಲ್ಪವೇ ಜಾಸ್ತಿ. 80 ವಾಟಿನ ಆಂಪ್ಲಿಫೈಯರಿಗೆ ದುಡ್ಡು ಸುರಿದಿದ್ದರೆ ನನಗೆ ಬೇಜಾರಾಗುತ್ತಿತ್ತು.

ಅದೇ ಅಂಗಡಿಯಲ್ಲಿ 6,000 ರೂಪಾಯಿಯ ಕೇಬಲ್ ಕೂಡ ತೋರಿಸಿದರು. ಅದನ್ನೂ ಕೊಳ್ಳದೆ, ಶಿವರಾಂಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಿಂದ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ತಂದೆ. ಆಮೇಲೆ ಸ್ನೇಹಿತರೊಬ್ಬರು ತಮ್ಮ ದುಬಾರಿ ಕೇಬಲ್ ಎರವಲು ಕೊಟ್ಟರು. ನನ್ನ ಹೆಂಡತಿ ನನಗೆ ಕಾಣದ ಹಾಗೆ ಹತ್ತು ಸಲ ಬದಲಾಯಿಸಿದಳು. ಐದು ಸಲ ಸರಿ ಹೇಳಿದೆ, ಐದು ಸಲ ತಪ್ಪು. ನಾಲ್ಕೈದು ಮೀಟರ್ ಉದ್ದಕ್ಕೆ ಮಾಮೂಲಿ ದಪ್ಪ ತಾಮ್ರ ಸಾಕು.

ದುಡ್ಡು ಹಾಕಬೇಕಾದದ್ದು ಸ್ಟ್ಯಾಂಡಿಗೆ ಮತ್ತು ಕೋಣೆಗೆ. ಮೊದಲ ಎರಡು ತಿಂಗಳು ಸ್ಪೀಕರನ್ನು ಶೋಕೇಸಿನಲ್ಲಿ ಗೋಡೆಗೆ ಅಂಟಿಸಿದ ಹಾಗೆ ಇಟ್ಟಿದ್ದೆ. ಬಾಸ್, ಅಂದರೆ ತಗ್ಗಿನ ನಾದ, ದಪ್ಪಗಾಗಿ, ಹಾಡುವವರ ಗಂಟಲು ಕಟ್ಟಿದ ಹಾಗೆ ಕೇಳುತ್ತಿತ್ತು. ಸ್ಪೀಕರಿನ ಹಿಂದೆ ಗಾಳಿ ಹೊರಹೋಗುವ ರಂಧ್ರವಿದೆ, ಅದಕ್ಕೆ ಜಾಗ ಬೇಕು. ಹತ್ತಿರದ ಗ್ರಿಲ್ ವರ್ಕ್ಸ್‌ನಲ್ಲಿ 24 ಇಂಚಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಎರಡಕ್ಕೂ ಸೇರಿ 2,600. ಜರಡಿ ಹಿಡಿದ ಮರಳನ್ನು ತಾರಸಿಯ ಮೇಲೆ ಎರಡು ದಿನ ಬಿಸಿಲಿಗೆ ಒಣಗಿಸಿ, ಸ್ಟ್ಯಾಂಡ್ ಅದುರದಿರಲಿ ಅಂತ ಅದರ ಪೈಪಿನೊಳಗೆ ತುಂಬಿದೆ. ಈಗ ಕೂತಾಗ ಟ್ವೀಟರ್, ಅಂದರೆ ಎತ್ತರದ ನಾದ ಕೊಡುವ ಚಿಕ್ಕ ಭಾಗ, ಕಿವಿಯ ಮಟ್ಟಕ್ಕೆ ಬರುತ್ತದೆ. ಗೋಡೆಯಿಂದ ಎರಡಡಿ ಮುಂದೆ ಇಟ್ಟಿದ್ದೇನೆ. ಎರಡು ಸ್ಪೀಕರಿನ ನಡುವೆ ಎಷ್ಟು ದೂರವೋ, ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ನನ್ನ ಕುರ್ಚಿ.

ನಮ್ಮದು ರೆಡ್ ಆಕ್ಸೈಡ್ ನೆಲ, ಬರಿಯ ಗೋಡೆ. ಚಪ್ಪಾಳೆ ತಟ್ಟಿದರೆ ಚಟ್ ಅಂತ ಮರಳಿ ಬರುತ್ತಿತ್ತು. ನವಲಗುಂದದ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿದ ಮೇಲೆ ಪಿಟೀಲಿನ ಕೀರಲು ಇಳಿಯಿತು. ಸ್ಪೀಕರ್ ಬದಲಾದಾಗ ಎಷ್ಟು ವ್ಯತ್ಯಾಸ ಕಂಡಿತೋ, ಇದರಿಂದ ಸುಮಾರು ಅದರ ಅರ್ಧದಷ್ಟು ಸಿಕ್ಕಿತು. ಜಮಖಾನ ಮನೆಯಲ್ಲೇ ಇತ್ತು, ಅಟ್ಟದ ಮೇಲೆ ಸುತ್ತಿಟ್ಟಿದ್ದೆವು.

ಕೊರತೆಗಳೂ ಇವೆ. 130 ಮಿಲಿಮೀಟರಿನ ಕೋನು, 65 ಹರ್ಟ್ಜ್‌ಗಿಂತ ಕೆಳಗಿನ ತಗ್ಗು ನಾದದಲ್ಲಿ ಬೇಗ ಸೊರಗುತ್ತದೆ. ನನ್ನ ಮಗ ಕೇಳುವ ಹಾಡುಗಳಿಗೆ ಅವನಿಗೆ ಬಾಸ್ ಸಾಲದು. ಹಳೆ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಕಚೇರಿಗಳಲ್ಲಿ ಟೇಪಿನ ಹಿಸ್ ಅನ್ನುವ ಸದ್ದು ಮೊದಲಿಗಿಂತ ಜಾಸ್ತಿ ಕೇಳುತ್ತದೆ. ಬೆಳಿಗ್ಗೆ ಅಮ್ಮ ಹಾಕುವ ಮೈಸೂರು ಆಕಾಶವಾಣಿಗೆ ದೊಡ್ಡ ಲಾಭವಿಲ್ಲ, ಎಫ್.ಎಂ.ನಲ್ಲಿ ಎತ್ತರದ ನಾದ ಬರುವುದೇ 15,000 ಹರ್ಟ್ಜ್‌ವರೆಗೆ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರಿದು, ಬೆಳಗಿನ ರೇಡಿಯೋ ನಿಲ್ಲಿಸಲು ಅಮ್ಮ ಬಿಡುವುದಿಲ್ಲ.

ಮೂರು ವರ್ಷದಲ್ಲಿ ರಿಪೇರಿ ಒಂದೂ ಬಂದಿಲ್ಲ. ಅಕ್ಕನ ಮೊಮ್ಮಗು ಒಮ್ಮೆ ಟ್ವೀಟರ್ ಒತ್ತಿಬಿಟ್ಟಿತ್ತು. ಬಟ್ಟೆಯ ಗುಮ್ಮಟವಾದ್ದರಿಂದ ಟೇಪ್ ಅಂಟಿಸಿ ಮೆಲ್ಲಗೆ ಎಳೆದೆ, ಸರಿಯಾಯಿತು. ಅಂದಿನಿಂದ ಮುಂದಿನ ಬಲೆ ತೆಗೆಯುವುದಿಲ್ಲ.

ಹೋದ ತಿಂಗಳು ಮಂಡ್ಯದ ನಮ್ಮ ಭಾವ ಫೋನ್ ಮಾಡಿ, ತಾವೂ ಇದನ್ನೇ ತಗೋಬೇಕಾ ಅಂತ ಕೇಳಿದರು. ಅವರದೂ ಹಳೆಯ, ಫೋಮ್ ಹೋದ ಜೋಡಿ, ಆದರೆ ಪೆಟ್ಟಿಗೆ ಒಳ್ಳೆಯದು. "ಮೊದಲು ಫೋಮ್ ಹಾಕಿಸಿ, ಗೋಡೆಯಿಂದ ಈಚೆಗೆ ಎಳೆದು ಒಂದು ತಿಂಗಳು ಕೇಳಿ ಭಾವ. ಆಮೇಲೂ ಏನೋ ಸಾಲದು ಅನ್ನಿಸಿದರೆ ನಿಮ್ಮ ಸಿ.ಡಿ. ತಗೊಂಡು ಭಾನುವಾರ ನಮ್ಮನೆಗೆ ಬನ್ನಿ" ಅಂದೆ. ಫೋಮ್ ಹಾಕಿಸಲು ಕೊಟ್ಟಿದ್ದಾರಂತೆ.