'ಲಿಂಕನ್': ಮಾತೇ ಜಾಸ್ತಿ, ಆದರೂ ನೋಡಿ

ಸ್ಪೀಲ್‌ಬರ್ಗ್ ಅವರ 2012ರ 'ಲಿಂಕನ್' ಯುದ್ಧದ ಸಿನಿಮಾ ಅಂದುಕೊಂಡು ಕೂತರೆ ನಿರಾಸೆ ಆಗುತ್ತದೆ. 1865ರ ಜನವರಿಯಲ್ಲಿ, ಗುಲಾಮಗಿರಿಯನ್ನು ರದ್ದು ಮಾಡುವ ಸಂವಿಧಾನದ 13ನೇ ತಿದ್ದುಪಡಿಗೆ ಅಮೆರಿಕದ ಕೆಳಮನೆಯಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಮತ್ತು ಅವರ ಕಡೆಯವರು ಮತ ಕೂಡಿಸಿದ ಕಥೆ ಇದು. ಮೂರನೇ ಎರಡರಷ್ಟು ಮತ ಬೇಕು, ಸ್ವಂತ ಪಕ್ಷದ್ದು ಸಾಲದು, ಹಾಗಾಗಿ ಎದುರು ಪಕ್ಷದವರಿಗೆ ಸರ್ಕಾರಿ ಹುದ್ದೆಯ ಆಸೆ ತೋರಿಸಿ ಒಬ್ಬೊಬ್ಬರನ್ನೇ ಒಲಿಸಿಕೊಳ್ಳುತ್ತಾರೆ. ಇದನ್ನು ಮುಚ್ಚಿಡದೆ ತೋರಿಸಿದ್ದು ನನಗೆ ತುಂಬಾ ಹಿಡಿಸಿತು. ನಾಯಕರ ಸಿನಿಮಾ ಅಂದರೆ ಬರೀ ಪೂಜೆಯೇ ಆಗಿಬಿಡುತ್ತದೆ ಅಲ್ವಾ?

ಲಿಂಕನ್ ಪಾತ್ರದ ಡೇನಿಯಲ್ ಡೇ-ಲೂಯಿಸ್ ಗುಡುಗುವುದಿಲ್ಲ. ತೆಳ್ಳನೆಯ ದನಿ, ಬಾಗಿದ ಬೆನ್ನು. ರಾತ್ರಿ ಟೆಲಿಗ್ರಾಫ್ ಕೋಣೆಯಲ್ಲಿ ಇಬ್ಬರು ಹುಡುಗರ ಜೊತೆ ಕೂತು, ಒಂದೇ ವಸ್ತುವಿಗೆ ಸಮನಾದವು ತಮ್ಮೊಳಗೂ ಸಮ ಅನ್ನುವ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ಮಾತು ಹೇಳುತ್ತಾ ಹೇಳುತ್ತಾ ಕಳಿಸಬೇಕಿದ್ದ ತಂತಿಯನ್ನೇ ಬದಲಿಸುತ್ತಾರಲ್ಲ, ಆ ಒಂದು ದೃಶ್ಯಕ್ಕಾದರೂ ನೋಡಬೇಕು. ಟಾಮಿ ಲೀ ಜೋನ್ಸ್ ಕೂಡ ಸೊಗಸು.

ಕೊರತೆಯೂ ಸಣ್ಣದಲ್ಲ. ಬಿಡುಗಡೆ ಯಾರದೋ ಅವರೇ ಇಲ್ಲಿ ಹೆಚ್ಚಾಗಿ ಸುಮ್ನೆ ನಿಂತು ನೋಡುವವರು. ತಾವೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಹೋರಾಡಿದ ಫ್ರೆಡರಿಕ್ ಡಗ್ಲಸ್ ತೆರೆಯ ಮೇಲೆ ಬರುವುದೇ ಇಲ್ಲ, ಇದು ನನಗೆ ನಿಜಕ್ಕೂ ಬೇಸರ ತಂದಿತು. ಕನೆಕ್ಟಿಕಟ್‌ನ ಇಬ್ಬರು ವಿರುದ್ಧ ಮತ ಹಾಕಿದಂತೆ ತೋರಿಸಿದ್ದೂ ತಪ್ಪು, ಆ ರಾಜ್ಯದ ನಾಲ್ವರೂ ಪರವಾಗಿಯೇ ಹಾಕಿದ್ದರು. ಎರಡೂವರೆ ಗಂಟೆ, ತುಂಬಾ ಹೆಸರುಗಳು. ಅಮೆರಿಕದ ಅಂತರ್ಯುದ್ಧದ ಬಗ್ಗೆ ಸ್ವಲ್ಪ ಓದಿಕೊಂಡು, ಸಬ್‌ಟೈಟಲ್ ಹಾಕಿಕೊಂಡು ಕೂರಿ.