ಹಲಗೆ ಹೊತ್ತವರ ಗುರುದ್ವಾರ: ಸಾಗರದಲ್ಲೊಂದು ಕಲಾಪ್ರದರ್ಶನ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಆಬಟ್ಸ್‌ಫರ್ಡ್ ಈಗ ನಗರವಾಗಿ ಬೆಳೆದಿದೆಯಾದರೂ, ಪಂಜಾಬಿನ ಸಿಖ್ಖರು ಕೂಲಿ ಅರಸಿ ಅಲ್ಲಿಗೆ ಹೋದ ಕಾಲಕ್ಕೆ ಅದು ಹೊಲಗಳು ಮತ್ತು ಸಾಮಿಲ್ಲುಗಳ ಹಳ್ಳಿಗಾಡಾಗಿತ್ತು. 1911ರಲ್ಲಿ ಅವರು ಕಟ್ಟಿಕೊಂಡ ಮರದ ಗುರುದ್ವಾರ ಇಂದಿಗೂ ನಿಂತಿದ್ದು, 2002ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂಬ ಮನ್ನಣೆ ಪಡೆದಿದೆ. ಆ ವಲಸಿಗರ ಬದುಕನ್ನು ಕುರಿತ ಸಮಕಾಲೀನ ಕಲಾಕೃತಿಗಳನ್ನು ಮಲೆನಾಡಿನ ಸಾಗರ ಪಟ್ಟಣದ ಸಣ್ಣ ಗ್ಯಾಲರಿಯೊಂದರಲ್ಲಿ ಪ್ರದರ್ಶನಕ್ಕಿಡಲಾಗಿದೆ. ಪ್ರವೇಶಕ್ಕೆ 30 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಒಳಗೆ ಕಾಲಿಡುತ್ತಲೇ ಎದುರಾಗುವುದು ಒಂದು ಹಳೆಯ ಉಣ್ಣೆಯ ಕೋಟು. ಅದರ ಬಲ ಭುಜದ ಮೇಲೆ ಕಲಾವಿದೆ ಕಂದು ದಾರದಿಂದ ಹಲಗೆಯ ನಾರು, ಗಂಟುಗಳನ್ನು ಒತ್ತೊತ್ತಾಗಿ ಕಸೂತಿ ಮಾಡಿದ್ದಾರೆ. ಹತ್ತಿರದಿಂದ ನೋಡಿದರೆ ದಾರದ ಎಳೆಗಳು ಕೆಲವೆಡೆ ಬೇಕೆಂದೇ ಹರಿದು ಜೋತುಬಿದ್ದಿರುವುದು ಕಾಣುತ್ತದೆ. ಗುರುದ್ವಾರಕ್ಕೆ ಬೇಕಾದ ಮರವನ್ನು ಊರಿನ ಮಿಲ್ಲು ದಾನವಾಗಿ ಕೊಟ್ಟಾಗ, ಅಲ್ಲೇ ದುಡಿಯುತ್ತಿದ್ದ ಸಿಖ್ಖರು ಆ ಹಲಗೆಗಳನ್ನು ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತಿಸಿದ್ದರು. ನಾಟಾ ಸಾಗಿಸುವವರನ್ನು ಕಂಡು ಬೆಳೆದ ಮಲೆನಾಡಿನವರಿಗೆ ಈ ಕೋಟನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಪ್ರದರ್ಶನದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡ ಕೃತಿ ಇದೊಂದೇ.

ಇದರ ಪಕ್ಕದ ಲಿನೋ ಅಚ್ಚುಗಳಲ್ಲಿ (ಲಿನೋಲಿಯಂ ಹಾಳೆ ಕೆತ್ತಿ ಒತ್ತಿದ ಚಿತ್ರಗಳಲ್ಲಿ) ಗುರುದ್ವಾರದ ಮಹಡಿಯ ಪ್ರಾರ್ಥನಾ ಸಭಾಂಗಣಕ್ಕಿಂತ ನೆಲಮಹಡಿಯ ಲಂಗರಿನ, ಅಂದರೆ ಎಲ್ಲರಿಗೂ ಉಚಿತವಾಗಿ ಊಟ ಬಡಿಸುವ ದಾಸೋಹದ, ಅಡುಗೆಮನೆಗೇ ಹೆಚ್ಚು ಜಾಗ ಕೊಟ್ಟಿರುವುದು ಒಳ್ಳೆಯ ತೀರ್ಮಾನ. ಆದರೆ ಎರಡನೆಯ ಕೋಣೆಯ ಬಣ್ಣಬಣ್ಣದ ಬೃಹತ್ ಭಾವಚಿತ್ರಗಳು, ಪೇಟ ತೊಟ್ಟ ಪ್ರತಿಯೊಬ್ಬರನ್ನೂ ವೀರರನ್ನಾಗಿಸುವ ಉತ್ಸಾಹದಲ್ಲಿ, ಕೂಲಿಯವರ ದಣಿವನ್ನೇ ಅಳಿಸಿಹಾಕಿವೆ. ಕೊಂಡಾಡುವ ಕಲೆಗೆ ಈ ಅಪಾಯ ಇದ್ದದ್ದೇ. 1907ರಲ್ಲಿ ಕಸಿದುಕೊಂಡ ಮತದಾನದ ಹಕ್ಕು ಆ ಪ್ರಾಂತ್ಯದ ಭಾರತೀಯರಿಗೆ ಮರಳಿ ದೊರೆತದ್ದು 1947ರಲ್ಲಿ. ತಾಯ್ನಾಡಿನಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ ಎಂಬ 1908ರ ನಿಯಮದ ಬಲದಿಂದ, 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತು ಬಂದ ಕೊಮಗಾಟಾ ಮಾರು ಹಡಗನ್ನು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ತಡೆದು, ಬಹುತೇಕರನ್ನು ನೆಲಕ್ಕಿಳಿಯಲು ಬಿಡದೆ ಹಿಂದಕ್ಕಟ್ಟಲಾಯಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ ವರ್ಷಗಟ್ಟಲೆ ಒಂಟಿಯಾಗಿ ದುಡಿದ ಆ ಗಂಡಸರ ಮುಖಗಳಲ್ಲಿ ಇದಾವುದರ ಸುಳಿವೂ ಇಲ್ಲದಿರುವುದು ವಿಚಿತ್ರ. ಪಂಜಾಬಿನಲ್ಲೇ ಉಳಿದ ಹೆಂಗಸರ ಕುರಿತಂತೂ ಒಂದು ಕೃತಿಯೂ ಇಲ್ಲ.

ವ್ಯವಸ್ಥೆಯ ಬಗ್ಗೆ ಹೇಳುವುದಾದರೆ, ಕನ್ನಡದ ಫಲಕಗಳು ಶುದ್ಧವಾಗಿವೆ, ಆದರೆ ಅಕ್ಷರ ಚಿಕ್ಕದಾಯಿತು. ಗುರು ಗೋವಿಂದ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರಾದ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೆಂಬುದನ್ನು ಎಲ್ಲಾದರೂ ಒಂದು ಸಾಲಿನಲ್ಲಿ ಸೇರಿಸಿದ್ದರೆ ಇಲ್ಲಿನ ನೋಡುಗರಿಗೆ ವಿಷಯ ಇನ್ನಷ್ಟು ಹತ್ತಿರವಾಗುತ್ತಿತ್ತು. ಗಾಜಿನ ಚೌಕಟ್ಟುಗಳ ಮೇಲೆ ಸಂಜೆಯ ದೀಪಗಳು ಪ್ರತಿಫಲಿಸುವುದರಿಂದ ಅಚ್ಚುಗಳನ್ನು ಸರಿಯಾಗಿ ನೋಡಬೇಕಾದರೆ ಬೆಳಿಗ್ಗೆಯೇ ಹೋಗುವುದು ಮೇಲು. 150 ರೂಪಾಯಿಯ ಪುಸ್ತಿಕೆಯಲ್ಲಿ ಕೋಟಿನ ಚಿತ್ರ ಮಸುಕಾಗಿ ಅಚ್ಚಾಗಿದೆ, ಅದನ್ನು ಕೊಳ್ಳಬೇಕಾಗಿಲ್ಲ. ಪ್ರೌಢಶಾಲೆಯ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಮೊದಲೇ ತಿಳಿಸಿದರೆ ಅಲ್ಲಿನ ಹುಡುಗಿಯೊಬ್ಬರು ಜೊತೆಗಿದ್ದು ತಾಳ್ಮೆಯಿಂದ ವಿವರಿಸುತ್ತಾರೆ. ಸಮಯ ಕಡಿಮೆಯಿದ್ದರೆ ಎರಡನೆಯ ಕೋಣೆಯನ್ನು ಬಿಟ್ಟರೂ ನಡೆಯುತ್ತದೆ.