ವಾಡೆ ಪತ್ತೆಹಚ್ಚಿದ ಬಾಡಿಗೆ ಕಾರು

ಹಳೆಯ ಪ್ರವಾಸದಲ್ಲಿ ಕಂಡಿದ್ದ ವಾಡೆಯೊಂದನ್ನು (ಹಿಂದಿನ ಕಾಲದ ಒಡೆಯರ ದೊಡ್ಡ ಮನೆ) ಹುಡುಕಲು ಹುಬ್ಬಳ್ಳಿಯಲ್ಲಿ ಬಾಡಿಗೆ ಕಾರು ಹಿಡಿದೆವು. ನೆನಪಿದ್ದದ್ದು ಎತ್ತರದ ಹೆಬ್ಬಾಗಿಲು, ಮರದ ಕಂಬಗಳು, ಸವದತ್ತಿ ಕಡೆಯ ದಾರಿ, ಅಷ್ಟೇ. ನರಗುಂದದ ಬಾಬಾಸಾಹೇಬರದ್ದೇ ಇರಬೇಕೆಂದು ನನ್ನವಳ ಹಟ. ಬ್ರಿಟಿಷರ ವಿರುದ್ಧ ಅವರು ಎದ್ದ 1858ರ ಬಂಡಾಯದ ಕಥೆಯನ್ನೂ ದಾರಿಯುದ್ದಕ್ಕೂ ಹೇಳಿದಳು. ಚಾಲಕ ಕೇಳಿದ್ದು ಒಂದೇ ಮಾತು: “ಅವತ್ತು ಕಾಳಿಕಾದೇವಿ ಗುಡಿಗೂ ಹೋಗಿದ್ದಿರಾ, ಸರ್?”

ಹೋಗಿದ್ದೆವು! ಆ ಗುಡಿ ಇರುವ ಊರು ಶಿರಸಂಗಿ, ಅಂದರೆ ನಾವು ಕಂಡದ್ದು ಅಲ್ಲಿನ ಲಿಂಗರಾಜ ದೇಸಾಯಿಯವರ ವಾಡೆ. 1904ರಲ್ಲಿ ವೀರಶೈವ ಮಹಾಸಭೆಯ ಮೊದಲ ಅಧ್ಯಕ್ಷರಾಗಿದ್ದವರು, ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟವರು. ಹೆಬ್ಬಾಗಿಲು ಕಂಡೊಡನೆ ಹೆಂಡತಿಯೂ ಒಪ್ಪಿದಳು.

ಕಾರಿನ ಎಸಿ ಹೆಸರಿಗಷ್ಟೇ. ಕಾಯುವ ಶುಲ್ಕವನ್ನು ಮೊದಲೇ ಹೇಳದಿದ್ದದ್ದು ತಪ್ಪು. ಚಾಲಕನಿಗೆ ಐದಕ್ಕೆ ಐದು, ಕಂಪನಿಗೆ ಮೂರು.